ಬ್ರಹ್ಮಗಿರಿ ತಪ್ಪಲಿನ ಶಾಲೆಗೆ ಬಂದ ಹೊಸ ಶಿಕ್ಷಕಿಗೆ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು. ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ಆಯ್ಕೆಯಾಗಿ ಈ ಜೂನ್‌ನಲ್ಲಿ ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಶ್ರೀಮಂಗಲ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೇನೆ. ಒಂದರಿಂದ ಐದನೇ ತರಗತಿಯವರೆಗೆ 22 ಮಕ್ಕಳಿದ್ದಾರೆ. ಮುಖ್ಯ ಶಿಕ್ಷಕರು ಮತ್ತು ನಾನು, ಇಬ್ಬರೇ. ಚಿಕ್ಕ ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ತರಗತಿ ನನ್ನದು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಫಿ ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಿಂದ ಬರುವವರು. ಅವರ ಮಾತು ನನಗೆ ಅರ್ಥವಾಗುವುದಿಲ್ಲ, ನನ್ನ ಮಾತು ಅವರಿಗೆ ಅರ್ಥವಾಗುವುದಿಲ್ಲ. ಪೋಷಕರ ಸಭೆ ಕರೆದರೆ ಯಾರೂ ಬರುವುದಿಲ್ಲ. ಬಂದ ದಿನದಿಂದ ಮಳೆ ನಿಂತಿಲ್ಲ. ಊರಿನಲ್ಲಿ ನನ್ನನ್ನು ಯಾರೂ ಮಾತನಾಡಿಸುವುದೂ ಇಲ್ಲ. ವರ್ಗಾವಣೆ ಸಿಗುವವರೆಗೆ ಹೇಗೋ ದಿನ ದೂಡಬೇಕೇ, ಇಲ್ಲವೇ ಇಲ್ಲಿ ಹೊಂದಿಕೊಳ್ಳಲು ದಾರಿಯಿದೆಯೇ?

ಉತ್ತರ: ಊರಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ತಪ್ಪಾಗಿ ತಿಳಿದುಕೊಂಡರೆ ಉಳಿದದ್ದೆಲ್ಲವೂ ತಪ್ಪಾಗಿಯೇ ಕಾಣುತ್ತದೆ. ನಿಮ್ಮ ಕಡೆ ಊರೆಂದರೆ ಅಗಸಿ ದಾಟಿದೊಡನೆ ಗೋಡೆಗೆ ಗೋಡೆ ಹೊಂದಿಕೊಂಡ ಮನೆಗಳು, ಹನುಮಂತದೇವರ ಗುಡಿ, ಅದರ ಮುಂದೊಂದು ಕಟ್ಟೆ. ಹೊಸಬರು ಬಂದರೆ ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಯಾವ ಊರು, ಯಾರ ಪೈಕಿ ಎಂದು ನಾಲ್ಕು ಜನ ತಾವಾಗಿಯೇ ವಿಚಾರಿಸುತ್ತಾರೆ. ದಕ್ಷಿಣ ಕೊಡಗಿನಲ್ಲಿ ಹಾಗೆ ಒತ್ತಾಗಿ ಕಟ್ಟಿಕೊಂಡ ಊರು ಅಪರೂಪ. ಪ್ರತಿಯೊಂದು ಮನೆಯೂ ತನ್ನ ತೋಟ, ಗದ್ದೆಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ಒಂದು ಮನೆಯ ಗೇಟಿನಿಂದ ಇನ್ನೊಂದರ ಗೇಟಿಗೆ ಹೋಗುವಷ್ಟರಲ್ಲಿ ಒಂದು ಏರು, ಒಂದು ಇಳಿಜಾರು, ಒಂದು ತೋಡು (ಸಣ್ಣ ಹಳ್ಳ) ದಾಟಿರುತ್ತೀರಿ. ಮಳೆಗಾಲದಲ್ಲಿ ನೆರೆಮನೆಯವರೇ ಒಬ್ಬರನ್ನೊಬ್ಬರು ವಾರಗಟ್ಟಲೆ ಕಾಣದಿರುವುದುಂಟು. ಹಾಗಾಗಿ ಜೂನ್‌ನಲ್ಲಿ ಬಂದ ನಿಮ್ಮನ್ನು ಯಾರೂ ಮಾತನಾಡಿಸಲಿಲ್ಲವೆಂದರೆ ಅದಕ್ಕೆ ಕಾರಣ ಅನಾದರವಲ್ಲ. ಬಹುತೇಕ ಜನ ನಿಮ್ಮನ್ನು ಇನ್ನೂ ಕಂಡೇ ಇಲ್ಲ.

ಇಲ್ಲಿ ಜನ ಸೇರುವ ಜಾಗಗಳು ಬೇರೆ. ಬೆಳಗಿನ ಬಸ್ಸು, ಸಹಕಾರ ಸಂಘದ ಕಚೇರಿ, ನ್ಯಾಯಬೆಲೆ ಅಂಗಡಿ, ವಾರದ ಸಂತೆ, ದೇವಸ್ಥಾನದ ವಾರ್ಷಿಕ ಹಬ್ಬ: ಊರು ಒಟ್ಟಾಗಿ ಕಾಣುವುದು ಇಷ್ಟೇ ಕಡೆ. ನೀವು ದಿನವೂ ಒಂದೇ ಬಸ್ಸಿನಲ್ಲಿ ಹೋಗಿ ಬರುವವರಾದರೆ ಅದರ ನಿರ್ವಾಹಕರಿಗೆ ನಿಮ್ಮ ಪರಿಚಯ ಹೇಳಿಕೊಳ್ಳಿ. ಯಾವ ಮಗು ಯಾವ ತೋಟದಲ್ಲಿ ಹತ್ತುತ್ತದೆ, ಎಲ್ಲಿ ರಸ್ತೆಗೆ ಮರ ಬಿದ್ದಿದೆ, ಎಲ್ಲಿ ಆನೆ ದಾಟಿತು ಎಂಬುದು ಅವರಿಗೆ ಗೊತ್ತಿರುವಷ್ಟು ಇಲಾಖೆಯ ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಉತ್ತರ ಕರ್ನಾಟಕದಿಂದ ನೇಮಕವಾಗಿ ಬಂದ ಶಿಕ್ಷಕರು ಕೆಲವು ವರ್ಷಗಳಲ್ಲಿ ವರ್ಗಾವಣೆ ಪಡೆದು ಹೋಗುವುದನ್ನು ಈ ಭಾಗದ ಜನ ಮತ್ತೆ ಮತ್ತೆ ಕಂಡಿದ್ದಾರೆ. ಪರಿಚಯವಾದ ಮೊದಲ ದಿನವೇ ‘ಎಷ್ಟು ವರ್ಷ ಇರ್ತೀರಿ ಟೀಚರ್?’ ಎಂದು ಯಾರಾದರೂ ಕೇಳಿದರೆ ಅದನ್ನು ಚುಚ್ಚುಮಾತೆಂದು ಭಾವಿಸಬೇಡಿ. ಮಕ್ಕಳು ಒಬ್ಬ ಶಿಕ್ಷಕಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಹೊರಟುಹೋಗುವುದರ ನಷ್ಟವನ್ನು ಅನುಭವಿಸಿದವರು ಈ ಜನ. ಸುಳ್ಳು ಭರವಸೆ ಕೊಡಬೇಡಿ. ಇರುವಷ್ಟು ದಿನ ಮಕ್ಕಳಿಗಾಗಿ ಕೆಲಸ ಮಾಡುತ್ತೇನೆ ಎಂದು ನೇರವಾಗಿ ಹೇಳಿದರೆ ಇಲ್ಲಿಯ ಜನ ಅದನ್ನು ಗೌರವಿಸುತ್ತಾರೆ.

ವಾಸದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಕನಿಷ್ಠ ಮೊದಲ ಮಳೆಗಾಲವನ್ನಾದರೂ ಶಾಲೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಕಳೆಯಿರಿ. ಗೋಣಿಕೊಪ್ಪದಲ್ಲೋ ಪೊನ್ನಂಪೇಟೆಯಲ್ಲೋ ಮನೆ ಮಾಡಿದರೆ ಅಂಗಡಿ, ಆಸ್ಪತ್ರೆ, ಬ್ಯಾಂಕು ಎಲ್ಲವೂ ಅನುಕೂಲ, ನಿಜ. ಆದರೆ ಜುಲೈ-ಆಗಸ್ಟ್‌ನಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ ದಿನ ಮಕ್ಕಳು ಶಾಲೆಯ ಜಗಲಿಯಲ್ಲಿ ನಿಂತಿರುತ್ತಾರೆ, ನೀವು ಅರ್ಧ ದಾರಿಯಲ್ಲಿ ಬಸ್ಸಿನೊಳಗೆ ಕುಳಿತಿರುತ್ತೀರಿ. ಊರಿನೊಳಗೆ ಬಾಡಿಗೆ ಮನೆ ಎಂದು ಫಲಕ ಹಾಕಿದ ಮನೆ ಸಿಗುವುದಿಲ್ಲ. ಆದರೆ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋಗಿ ಹಿರಿಯರಷ್ಟೇ ಉಳಿದಿರುವ ದೊಡ್ಡ ಮನೆಗಳು ಅನೇಕ ಇವೆ, ಅವುಗಳ ಪಕ್ಕದಲ್ಲೊಂದು ಔಟ್‌ಹೌಸ್ ಖಾಲಿ ಇರುವುದುಂಟು. ಮುಖ್ಯ ಶಿಕ್ಷಕರ ಮೂಲಕವೋ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮೂಲಕವೋ ಕೇಳಿಸಿ. ಒಂಟಿ ಹೆಣ್ಣುಮಗಳು ಎಂಬ ಕಾರಣಕ್ಕೆ ಮನೆಯವರು ತುಸು ಹೆಚ್ಚೇ ಕಾಳಜಿ ವಹಿಸುತ್ತಾರೆ, ಸಂಜೆ ತಡವಾದರೆ ವಿಚಾರಿಸುತ್ತಾರೆ; ಅದನ್ನು ಹತೋಟಿ ಎಂದು ತಿಳಿಯಬೇಡಿ, ಈ ಕಾಡಂಚಿನಲ್ಲಿ ಅದು ಅಗತ್ಯ.

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿಯ ಮಳೆಗಿಂತ ತೇವವೇ ಹೆಚ್ಚು ಕಷ್ಟ ಕೊಡುತ್ತದೆ. ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಚಪ್ಪಲಿಗೂ ಚೀಲಕ್ಕೂ ಬೂಸ್ಟು ಬರುತ್ತದೆ. ನಿಮ್ಮ ಮೂಲ ಅಂಕಪಟ್ಟಿ, ನೇಮಕಾತಿ ಆದೇಶ, ಸಿಂಧುತ್ವ ಪ್ರಮಾಣಪತ್ರಗಳನ್ನು ಊರಿನ ಮನೆಯಲ್ಲೇ ಇಟ್ಟು ಇಲ್ಲಿಗೆ ನಕಲು ಮಾತ್ರ ತನ್ನಿ. ತರಲೇಬೇಕಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಊರಿನಿಂದ ಜೋಳದ ಹಿಟ್ಟನ್ನು ಚೀಲಗಟ್ಟಲೆ ತರಬೇಡಿ, ಮೂರು ವಾರದಲ್ಲಿ ಮುಗ್ಗಿ ಹುಳು ಬೀಳುತ್ತದೆ. ಎರಡು ಕಿಲೋ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡರೆ ಬೇಸರವಾದ ದಿನ ಒಂದು ರೊಟ್ಟಿ ಬಡಿದುಕೊಳ್ಳಲು ಸಾಕು. ಗಮ್‌ಬೂಟು, ದೊಡ್ಡ ಕೊಡೆ, ಒಳ್ಳೆಯ ಟಾರ್ಚು ಮತ್ತು ಪವರ್ ಬ್ಯಾಂಕ್ ಇಲ್ಲದೆ ಜೂನ್ ದಾಟಬೇಡಿ. ವಿದ್ಯುತ್ ಹೋದರೆ ದಿನಗಟ್ಟಲೆ ಬರದಿರಬಹುದು, ಅದರ ಜೊತೆಗೇ ಮೊಬೈಲ್ ಸಂಪರ್ಕವೂ ಹೋಗುತ್ತದೆ. ಈ ಸಂಗತಿಯನ್ನು ತಂದೆತಾಯಿಗೆ ಮೊದಲೇ ತಿಳಿಸಿರಿ, ಇಲ್ಲವಾದರೆ ಅವರು ಅಲ್ಲಿ ಗಾಬರಿಯಾಗುತ್ತಾರೆ. ಜಿಗಣೆ ಕಚ್ಚಿದರೆ ಹೆದರಬೇಡಿ, ಎಳೆದು ಕೀಳಬೇಡಿ. ಉಪ್ಪನ್ನೋ ಸುಣ್ಣವನ್ನೋ ತಾಗಿಸಿದರೆ ತಾನಾಗಿ ಬಿಡುತ್ತದೆ.

ಮಳೆಯ ವಿಷಯದಲ್ಲಿ ನಿಮ್ಮ ಹೊಣೆ ನಿಮ್ಮ ಮೈ ಒಣಗಿಸಿಕೊಳ್ಳುವಲ್ಲಿಗೆ ಮುಗಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಭಾಗದ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಭೂಕುಸಿತವಾಗಿ ಜೀವಹಾನಿಯಾಯಿತು. ಆದ್ದರಿಂದ ನೀವು ಮೊದಲ ವಾರಗಳಲ್ಲೇ ಮಾಡಬೇಕಾದ ಕೆಲಸವೊಂದಿದೆ: ಪ್ರತಿ ಮಗು ಯಾವ ದಾರಿಯಲ್ಲಿ ಶಾಲೆಗೆ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಯಾರು ತೋಡು ದಾಟಬೇಕು, ಆ ತೋಡಿಗೆ ಸಿಮೆಂಟಿನ ಸೇತುವೆ ಇದೆಯೋ ಅಡಿಕೆ ಮರದ ದಿಮ್ಮಿ ಇದೆಯೋ, ಯಾರ ಜೊತೆ ದೊಡ್ಡ ಮಕ್ಕಳು ಇರುತ್ತಾರೆ, ಯಾರು ಒಬ್ಬರೇ ಬರುತ್ತಾರೆ, ಇಷ್ಟು ತಿಳಿದಿದ್ದರೆ ಮಧ್ಯಾಹ್ನ ಮೋಡ ಕವಿದಾಗ ಯಾರನ್ನು ಮೊದಲು ಕಳುಹಿಸಬೇಕು, ಯಾರನ್ನು ಮನೆಯವರು ಬರುವವರೆಗೆ ಕಳುಹಿಸಲೇಬಾರದು ಎಂದು ತೀರ್ಮಾನಿಸಲು ಸಾಧ್ಯ. ತೋಡಿನ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯತೊಡಗಿದರೆ, ಬರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ ಅದನ್ನು ಮುಖ್ಯ ಶಿಕ್ಷಕರಿಗೂ ಪಂಚಾಯಿತಿಗೂ ತಕ್ಷಣ ತಿಳಿಸಬೇಕು.

ಜಿಲ್ಲಾಡಳಿತ ಘೋಷಿಸುವ ಮಳೆ ರಜೆಗಳನ್ನು ಆಮೇಲೆ ಹೆಚ್ಚುವರಿ ತರಗತಿ ನಡೆಸಿ ಸರಿದೂಗಿಸಬೇಕಾಗುತ್ತದೆ. ಆದರೆ ಒಂದನೇ ತರಗತಿಯ ಮಗು ಸತತ ರಜೆಯಲ್ಲಿ ಮರೆತದ್ದನ್ನು ಶನಿವಾರದ ಎರಡು ಗಂಟೆ ಮರಳಿಸುವುದಿಲ್ಲ. ಜುಲೈ ಆರಂಭದಲ್ಲೇ ಪ್ರತಿ ಮಗುವಿಗೂ ಅದರ ಹಂತಕ್ಕೆ ತಕ್ಕ ನಾಲ್ಕಾರು ಅಭ್ಯಾಸದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೆ ಕಳುಹಿಸಿಬಿಡಿ. ಎಲ್ಲರೂ ಮಾಡಿಕೊಂಡು ಬರುವುದಿಲ್ಲ. ಮಾಡಿದವರಿಗಾದರೂ ಕೈ ತಪ್ಪುವುದಿಲ್ಲ. ಇನ್ನು, ಗೊಬ್ಬರದ ಚೀಲದ ಕೊಪ್ಪೆ ಹೊದ್ದು ಬರುವ ಮಕ್ಕಳು ಸೊಂಟದಿಂದ ಕೆಳಗೆ ಪೂರಾ ತೊಯ್ದಿರುತ್ತಾರೆ. ಆ ಸ್ಥಿತಿಯಲ್ಲಿ ತಣ್ಣನೆಯ ನೆಲದ ಮೇಲೆ ಕುಳಿತ ಮಗುವಿಗೆ ಅಕ್ಷರ ಹತ್ತುವುದು ಹೇಗೆ? ಶಾಲೆಯಲ್ಲಿ ಹಳೆಯ ಬಟ್ಟೆಗಳ ಒಂದು ಗಂಟು, ಒರೆಸಿಕೊಳ್ಳಲು ಹತ್ತಿಯ ಪಂಚೆಗಳು, ಕೂರಲು ದಪ್ಪ ಚಾಪೆ ಇರಲಿ. ತೋಟದ ಮನೆಗಳಲ್ಲಿ ಕೇಳಿದರೆ ಇಲ್ಲವೆನ್ನುವುದಿಲ್ಲ. ಬಿಸಿಹಾಲನ್ನು ಬೆಳಗ್ಗೆ ಮೊದಲೇ ಕೊಟ್ಟು ಪಾಠ ಶುರು ಮಾಡಿ.

ಕಾಡುಪ್ರಾಣಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಊರಿನವರೇ ಹೇಳುತ್ತಾರೆ. ಹಲಸು ಹಣ್ಣಾಗುವ ಜೂನ್-ಜುಲೈ ಮತ್ತು ಗದ್ದೆ ತೆನೆಗಟ್ಟುವ ನವೆಂಬರ್ ಹೊತ್ತಿನಲ್ಲಿ ಆನೆಗಳು ತೋಟದೊಳಗೆ ಇರುತ್ತವೆ. 2021ರ ಆರಂಭದಲ್ಲಿ ಈ ತಾಲ್ಲೂಕಿನಲ್ಲೇ ಹುಲಿ ದಾಳಿಗೆ ಜನ ಬಲಿಯಾಗಿದ್ದಾರೆ. ಮುಂಜಾನೆ ಮಬ್ಬಿನಲ್ಲಿ, ಸಂಜೆ ಕತ್ತಲಾದ ಮೇಲೆ ತೋಟದ ಒಳದಾರಿಯಲ್ಲಿ ಒಬ್ಬರೇ ನಡೆಯಬೇಡಿ, ಮಕ್ಕಳನ್ನು ಗುಂಪಾಗಿಯೇ ಕಳುಹಿಸಿ, ಸ್ಥಳೀಯ ಅರಣ್ಯ ಸಿಬ್ಬಂದಿಯ ದೂರವಾಣಿ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿ.

ನಿಮ್ಮ ಪತ್ರದಲ್ಲಿ ನಿಜವಾಗಿ ಕಠಿಣವಾದದ್ದು ಭಾಷೆಯ ಪ್ರಶ್ನೆ. ನಿಮ್ಮ ತರಗತಿಯಲ್ಲಿ ಎರವ ಬುಡಕಟ್ಟಿನ ಭಾಷೆ ಮಾತನಾಡುವ ಮಕ್ಕಳು, ಕೊಡವ ತಕ್ಕ್ (ಕೊಡವ ಭಾಷೆ) ಮಾತನಾಡುವ ಒಂದಿಬ್ಬರು, ಮಲಯಾಳದ ಮನೆಯವರು, ಬಹುಶಃ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಇಲ್ಲಿಯ ಇನ್ನೊಂದು ಬುಡಕಟ್ಟಾದ ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರ, ಕಿವಿಗೊಟ್ಟರೆ ಬೇಗ ಹಿಡಿತಕ್ಕೆ ಬರುತ್ತದೆ. ಎರವರ ಮಾತು ಹಾಗಲ್ಲ. ಈ ಮಕ್ಕಳಿಗೆ ಕನ್ನಡ ಎರಡನೆಯ ಭಾಷೆ, ಕೆಲವರಿಗೆ ಮೂರನೆಯದು. ಅದರ ಮೇಲೆ ನಿಮ್ಮ ವಿಜಯಪುರದ ಕನ್ನಡ ಇಲ್ಲಿಯ ಕನ್ನಡ ಬಲ್ಲ ಮಕ್ಕಳಿಗೂ ಹೊಸದು. ಹಾಗಾಗಿ ಮಗು ಸುಮ್ಮನಿದೆ ಎಂದರೆ ಅದಕ್ಕೆ ತಿಳಿವಳಿಕೆ ಇಲ್ಲ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಹೊಸ ಭಾಷೆಯ ನಡುವೆ ಬಿದ್ದ ಮಗು ಮೊದಲು ಕೆಲವು ತಿಂಗಳು ಕೇಳುತ್ತದೆ, ಆಮೇಲೆ ಮಾತನಾಡುತ್ತದೆ. ಆ ಮೌನದ ಕಾಲದಲ್ಲಿ ಗದರಿಸಿದರೆ ಅದು ಶಾಲೆಗೆ ಬರುವುದನ್ನೇ ಬಿಡುತ್ತದೆ. ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಎಂಬುದು ನಿಮಗೆ ತಿಳಿದಿದೆ. ನಾಲ್ಕು ಜನರೆದುರು ‘ಇವನಿಗೆ ಏನೂ ಬರಲ್ಲ’ ಎನ್ನುವುದೂ ಹಿಂಸೆಯೇ.

ನಲಿ-ಕಲಿ ನಿಮಗೆ ಇಲ್ಲಿ ನಿಜವಾದ ಆಸರೆ. ನಾಗರಹೊಳೆ ಕಾಡಿನ ಆಚೆಗಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ಪದ್ಧತಿ ಇದು, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಪ್ರತಿಯೊಬ್ಬರೂ ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದುವರಿಯುವ ಈ ವ್ಯವಸ್ಥೆ, ಹತ್ತು ದಿನ ಮಳೆಗೆ ತಪ್ಪಿಸಿಕೊಂಡು ಬಂದ ಮಗುವಿಗೆ ಹೇಳಿ ಮಾಡಿಸಿದಂತಿದೆ. ಮಗು ಬಿಟ್ಟ ಕಲಿಕಾ ಕಾರ್ಡಿನಿಂದಲೇ ಹಿಡಿಯಬಹುದು, ಉಳಿದವರು ಮುಂದೆ ಹೋದರೆಂಬ ಅವಮಾನವಿಲ್ಲ. ಆದರೆ ಕಾರ್ಡುಗಳು ಮಗುವಿಗೆ ಕನ್ನಡ ಗೊತ್ತಿದೆ ಎಂದು ಭಾವಿಸಿಕೊಂಡು ರಚಿತವಾಗಿವೆ, ತೊಡಕು ಬರುವುದು ಅಲ್ಲಿ.

ಒಂದು ಉದಾಹರಣೆ ನೋಡಿ. ನಲಿ-ಕಲಿಯ ಮೊದಲ ಮೈಲುಗಲ್ಲಿನ (ಕಲಿಕೆಯ ಹಂತದ) ಅಕ್ಷರಗಳು ರ, ಗ, ಸ, ದ, ಅ. ಇವುಗಳಿಂದ ಸರ, ಗರಗಸ, ಅಗಸ, ಅರಸ ಎಂಬ ಪದಗಳಾಗುತ್ತವೆ. ಲೈನ್ ಮನೆಯ ಮಗುವಿನ ಮುಂದೆ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಸರ ಅದು ಕಂಡ ವಸ್ತು, ಅಮ್ಮನ ಕೊರಳಲ್ಲಿದೆ. ಗರಗಸವನ್ನು ತೋಟದಲ್ಲಿ ಮರ ಕೊಯ್ಯುವಾಗ ನೋಡಿದೆ, ಅದರ ಸದ್ದನ್ನೂ ಅನುಕರಿಸಬಲ್ಲದು. ಅಗಸ, ಅರಸ ಎರಡೂ ಅದಕ್ಕೆ ಬರಿಯ ಸದ್ದುಗಳು. ಅರ್ಥವಿಲ್ಲದೆ ಓದಿದ ಪದ ಮರುದಿನಕ್ಕೆ ಅಳಿಸಿಹೋಗುತ್ತದೆ. ಆದ್ದರಿಂದ ಅಕ್ಷರದ ಕ್ರಮವನ್ನು ಕೆಡಿಸದೆ ಪದಗಳ ಕ್ರಮವನ್ನು ಬದಲಿಸಿಕೊಳ್ಳಿ: ಕಂಡ ವಸ್ತುವಿನ ಪದ ಮೊದಲು, ಕಾಣದ್ದು ಆಮೇಲೆ, ಅದೂ ಚಿತ್ರ ತೋರಿಸಿ ಕತೆ ಹೇಳಿದ ನಂತರ. ಪ್ರತಿ ಮೈಲುಗಲ್ಲಿಗೂ ಹೀಗೆ ಹಿಂದಿನ ಸಂಜೆ ಹತ್ತು ನಿಮಿಷ ಕುಳಿತು ಪದಗಳನ್ನು ಬೇರ್ಪಡಿಸಿಕೊಂಡರೆ ಸಾಕು. ನಾನು ಶಿಕ್ಷಕರ ತರಬೇತಿಯಲ್ಲಿದ್ದಾಗ ಹೊಸಬರಿಗೆ ಮೊದಲು ಮಾಡಿಸುತ್ತಿದ್ದ ಅಭ್ಯಾಸವೇ ಇದು, ಮತ್ತು ಉಳಿದ ಯಾವ ಉಪಾಯಕ್ಕಿಂತಲೂ ಇದರಿಂದ ಹೆಚ್ಚು ಫಲ ಕಂಡಿದ್ದೇನೆ.

ಇದರ ಜೊತೆಗೆ ಮಕ್ಕಳ ಮಾತಿಗೆ ತರಗತಿಯಲ್ಲಿ ಜಾಗ ಕೊಡಿ. ಒಂದು ದೊಡ್ಡ ಹಾಳೆಯ ಮೇಲೆ ನೀರು, ಬೆಂಕಿ, ಅನ್ನ, ನಾಯಿ, ಮಳೆ, ಅಮ್ಮ ಎಂಬಂಥ ನಿತ್ಯದ ಮಾತುಗಳ ಚಿತ್ರ ಬರೆದು, ಪಕ್ಕದಲ್ಲಿ ಕನ್ನಡ ಪದ, ಅದರ ಕೆಳಗೆ ಮಕ್ಕಳು ತಮ್ಮ ಮನೆಯಲ್ಲಿ ಹೇಳುವ ಪದವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಹೇಳಿಕೊಡುವವರು ಮಕ್ಕಳು, ಕಲಿಯುವವರು ನೀವು. ನೀವು ತಪ್ಪಾಗಿ ಉಚ್ಚರಿಸಿದರೆ ಅವರು ತಿದ್ದಲಿ. ಅಷ್ಟು ದಿನ ಬಾಯಿ ಬಿಡದ ಮಗು ಟೀಚರನ್ನು ತಿದ್ದುವ ಹುರುಪಿನಲ್ಲಿ ಮಾತನಾಡುವುದನ್ನು ನೀವೇ ನೋಡುವಿರಿ. ಮಗು ಮನೆಮಾತಿನಲ್ಲಿ ಉತ್ತರಿಸಿದರೆ ಸರಿಯೆಂದು ಒಪ್ಪಿಕೊಂಡು ಅದೇ ಉತ್ತರವನ್ನು ನೀವು ಕನ್ನಡದಲ್ಲಿ ಹೇಳಿ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಹೇಳುತ್ತದೆ. ಎರವ ಭಾಷೆಯ ಪಠ್ಯಪುಸ್ತಕ ನಿಮ್ಮ ಕೈಯಲ್ಲಿಲ್ಲದಿದ್ದರೂ ಇಷ್ಟಂತೂ ನಿಮ್ಮಿಂದ ಆಗುವ ಕೆಲಸ. ಈ ಮಕ್ಕಳಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಯಾವ ಅಣಬೆ ತಿನ್ನಬಹುದು, ಕಳಲೆ (ಎಳೆಬಿದಿರು) ಯಾವಾಗ ಮೊಳೆಯುತ್ತದೆ, ಗದ್ದೆಯ ಏಡಿಯನ್ನು ಕೈ ಕಚ್ಚಿಸಿಕೊಳ್ಳದೆ ಹಿಡಿಯುವುದು ಹೇಗೆ ಎಂಬುದನ್ನೆಲ್ಲ ಆರು ವರ್ಷದ ಮಗು ಹೇಳಬಲ್ಲದು. ಪರಿಸರ ಅಧ್ಯಯನದ ಪಾಠವನ್ನು ಅಲ್ಲಿಂದ ಆರಂಭಿಸಿ, ಎಣಿಕೆಗೆ ಕಾಫಿ ಬೀಜ ಬಳಸಿ.

ಈ ಕೆಲಸದಲ್ಲಿ ನಿಮಗೆ ಯಾರು ನೆರವಾಗುತ್ತಾರೆ ಎಂದು ಕೇಳಿದರೆ, ಪಂಚಾಯಿತಿಯ ಸದಸ್ಯರಿಗಿಂತ ಮೊದಲು ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಯವರ ಹೆಸರು ಹೇಳುತ್ತೇನೆ. ಅವರು ಅದೇ ಊರಿನವರು, ಮೂರು ನಾಲ್ಕು ಭಾಷೆ ಬಲ್ಲವರು, ಪ್ರತಿ ಮಗುವಿನ ಮನೆಯ ಸ್ಥಿತಿಯನ್ನು ಅರಿತವರು; ಬೆಳಗ್ಗೆ ಏನೂ ತಿನ್ನದೆ ಬಂದ ಮಗು ಯಾವುದೆಂದು ಮುಖ ನೋಡಿಯೇ ಹೇಳುತ್ತಾರೆ. ಅವರನ್ನು ಅಕ್ಕ ಎಂದು ಕರೆಯಿರಿ, ಪೋಷಕರ ಭೇಟಿಗೆ ಜೊತೆಯಲ್ಲಿ ಬರುವಂತೆ ಕೇಳಿಕೊಳ್ಳಿ. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯರೂ ಹೀಗೆಯೇ ಮನೆಮನೆ ಬಲ್ಲವರು.

ಪೋಷಕರು ಸಭೆಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ಸಭೆಯನ್ನು ಎಷ್ಟು ಗಂಟೆಗೆ ಕರೆದಿರಿ? ತೋಟದ ಕೆಲಸಗಾರರು ಬೆಳಗ್ಗೆ ಎಂಟರ ಹೊತ್ತಿಗೆ ಕೆಲಸಕ್ಕೆ ಹೋಗಿ ಸಂಜೆಯೇ ಮರಳುವವರು. ಹನ್ನೊಂದು ಗಂಟೆಯ ಸಭೆಗೆ ಬಂದರೆ ಅವರಿಗೆ ಆ ದಿನದ ಕೂಲಿಯೇ ಹೋಗುತ್ತದೆ. ತೋಟದ ವಾರದ ರಜೆಯ ದಿನ, ಅಡುಗೆಯ ಅಕ್ಕನನ್ನು ಕರೆದುಕೊಂಡು ನೀವೇ ಲೈನ್ ಮನೆಗಳಿಗೆ ಹೋಗಿ. ತೋಟ ಖಾಸಗಿ ಜಾಗವಾದ್ದರಿಂದ ಹೋಗುವ ಮೊದಲು ಮಾಲೀಕರಿಗೋ ರೈಟರಿಗೋ (ತೋಟದ ಗುಮಾಸ್ತರಿಗೋ) ಒಂದು ಮಾತು ತಿಳಿಸುವುದು ಇಲ್ಲಿಯ ಮರ್ಯಾದೆ. ಮೊದಲ ಭೇಟಿಯಲ್ಲಿ ಹಾಜರಾತಿಯ ದೂರು ಹೇಳಬೇಡಿ, ಯಾವ ಸಹಿಯನ್ನೂ ಕೇಳಬೇಡಿ. ಮಗು ಚೆನ್ನಾಗಿ ಮಾಡುವ ಒಂದು ಕೆಲಸವನ್ನು ತಾಯಿಗೆ ಹೇಳಿ ಬನ್ನಿ. ಶಾಲೆಯಿಂದ ಬಂದವರು ತಮ್ಮ ಮಗುವನ್ನು ಹೊಗಳಿದ್ದನ್ನು ಅನೇಕ ತಾಯಂದಿರು ಒಮ್ಮೆಯೂ ಕೇಳಿರುವುದಿಲ್ಲ. ಮತ್ತೊಂದು ಸಂಗತಿ: ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಲೈನ್ ಮನೆಯವರಾಗಿರುವ ನಿಮ್ಮ ಶಾಲೆಯ ಸಮಿತಿಯಲ್ಲಿ ಲೈನ್ ಮನೆಯ ಎಷ್ಟು ತಾಯಂದಿರಿದ್ದಾರೆ ಎಂಬುದನ್ನು ಮುಖ್ಯ ಶಿಕ್ಷಕರೊಂದಿಗೆ ವಿನಯದಿಂದಲೇ ಮಾತನಾಡಿ.

ಅಕ್ಟೋಬರ್ ಕಳೆಯುವ ಹೊತ್ತಿಗೆ ಮಳೆ ಇಳಿಯುತ್ತದೆ, ನಿಮಗೂ ಉಸಿರು ಬಂದಂತಾಗುತ್ತದೆ. ಆದರೆ ಈ ಭಾಗದ ಶಾಲೆಗೆ ಎರಡನೆಯ ಪರೀಕ್ಷೆ ಬರುವುದು ಕಾಫಿ ಕೊಯ್ಲಿನಲ್ಲಿ. ಅರೇಬಿಕಾ ನವೆಂಬರ್ ಕೊನೆಯಿಂದ, ದಕ್ಷಿಣ ಕೊಡಗಿನಲ್ಲಿ ಹೆಚ್ಚಾಗಿರುವ ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ನಡುವೆ ಕರಿಮೆಣಸು. ಕೊಯ್ಲಿನಲ್ಲಿ ಕೂಲಿ ತೂಕದ ಮೇಲೆ ನಿಲ್ಲುವುದರಿಂದ ಸಂಜೆ ಹಣ್ಣು ತೂಗುವಾಗ ಮನೆಯ ಪ್ರತಿಯೊಂದು ಕೈಯೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹುಡುಗಿ ಕೂಸನ್ನು ನೋಡಿಕೊಳ್ಳಲು ಗಿಡದ ಬುಡದಲ್ಲಿ ಕೂರುತ್ತಾಳೆ, ಹುಡುಗ ಚೀಲ ಹಿಡಿಯುತ್ತಾನೆ. ಕೆಲವು ಕುಟುಂಬಗಳು ಹೆಚ್ಚು ಕೂಲಿ ಸಿಗುವ ಬೇರೆ ತೋಟಕ್ಕೆ ಹೊರಟುಬಿಡುತ್ತವೆ. ಜನವರಿಯಲ್ಲಿ ಹಾಜರಾತಿ ಬಿದ್ದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ನವೆಂಬರ್‌ನಲ್ಲೇ ಯಾವ ಮನೆಯಲ್ಲಿ ನೋಡಿಕೊಳ್ಳಬೇಕಾದ ಕೂಸಿದೆ ಎಂದು ಗುರುತಿಸಿ, ಆ ಕೂಸು ಅಂಗನವಾಡಿಗೆ ಹೋಗುವಂತೆ ಮಾಡಿ; ಕೂಸಿನ ಅಕ್ಕ ಶಾಲೆಗೆ ಬರುವುದು ಅದರಿಂದಲೇ ಸಾಧ್ಯವಾಗುತ್ತದೆ. ತೋಟದ ಮಾಲೀಕರೊಂದಿಗೂ ಮೇಸ್ತ್ರಿಯೊಂದಿಗೂ ಮಾತನಾಡಿ, ಶಾಲೆಯ ವೇಳೆಯಲ್ಲಿ ಮಕ್ಕಳು ಕೊಯ್ಲಿನ ಸಾಲಿನಲ್ಲಿ ಕಾಣದಂತೆ ನೋಡಿಕೊಳ್ಳಲು ಕೇಳಿಕೊಳ್ಳಿ. ಈ ಊರಿನ ಮಾಲೀಕರಲ್ಲಿ ಅನೇಕರು ಇದೇ ಸರ್ಕಾರಿ ಶಾಲೆಗಳಲ್ಲಿ ಕಲಿತವರು, ಶಾಲೆ ಮುಚ್ಚುವುದು ಅವರಿಗೂ ಬೇಡ.

ಹೊರಟುಹೋಗುವ ಮಕ್ಕಳಿಗಾಗಿ ಒಂದು ಸಣ್ಣ ಕೆಲಸವನ್ನು ತಪ್ಪದೆ ಮಾಡಿ. ಒಂದು ಗಟ್ಟಿ ಕಾರ್ಡಿನಲ್ಲಿ ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ತರಗತಿ, ಶಾಲೆಯ ಹೆಸರು ಮತ್ತು ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಬರೆದು, ಮಳೆ ನೀರು ತಾಗದಂತೆ ಲ್ಯಾಮಿನೇಟ್ ಮಾಡಿಸಿ ತಾಯಿಯ ಕೈಗೆ ಕೊಡಿ. ಮಗು ಹೋದಲ್ಲೆಲ್ಲ ಹತ್ತಿರದ ಶಾಲೆಗೆ ಈ ಕಾರ್ಡು ತೋರಿಸಲು ಹೇಳಿ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮೂ, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು 14ನೇ ಕಲಮೂ ಸ್ಪಷ್ಟವಾಗಿ ಹೇಳುತ್ತವೆ. ನಿಮ್ಮ ಶಾಲೆಗೆ ಹೀಗೆ ನಡುವೆ ಬಂದು ಸೇರುವ ಮಕ್ಕಳಿಗೂ ಅದೇ ನ್ಯಾಯ ಸಲ್ಲಬೇಕು. ಹೆಸರು ದಾಖಲಿಸುವಾಗ ಎಚ್ಚರ ಇರಲಿ: ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅಸ್ಸಾಮಿನ ಮಗುವಿನ ಹೆಸರಿನ ಅಕ್ಷರಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತವೆ. ಇಂದು ನೀವು ತಪ್ಪಾಗಿ ಬರೆದದ್ದು ಹತ್ತನೇ ತರಗತಿಯ ಅಂಕಪಟ್ಟಿಯವರೆಗೆ ಮಗುವನ್ನು ಕಾಡುತ್ತದೆ.

ಹಬ್ಬ ಮತ್ತು ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸೆಪ್ಟೆಂಬರ್ ಆರಂಭದಲ್ಲಿ ಆಯುಧಗಳ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ, ನವೆಂಬರ್-ಡಿಸೆಂಬರ್‌ನಲ್ಲಿ ಸುಗ್ಗಿಯ ಹಬ್ಬ ಹುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹುತ್ತರಿಯ ಮುಹೂರ್ತ ನಿಶ್ಚಯವಾದ ಮೇಲೆ ನಿಮ್ಮನ್ನು ಯಾರಾದರೂ ಮನೆಗೆ ಕರೆದೇ ಕರೆಯುತ್ತಾರೆ. ತಪ್ಪಿಸಿಕೊಳ್ಳಬೇಡಿ. ಹಬ್ಬದ ಊಟದಲ್ಲಿ ಮಾಂಸ ಇರುತ್ತದೆ, ಹಂದಿಮಾಂಸವೂ ಇರುತ್ತದೆ. ನೀವು ಸಸ್ಯಾಹಾರಿಯಾದರೆ ಕರೆದಾಗಲೇ ಸಂಕೋಚವಿಲ್ಲದೆ ತಿಳಿಸಿಬಿಡಿ. ಅಕ್ಕಿರೊಟ್ಟಿಗೋ ಕಡಂಬುಟ್ಟಿಗೋ (ಅಕ್ಕಿಯ ಕಡುಬಿಗೋ) ಕುಂಬಳದ ಇಲ್ಲವೇ ಕಳಲೆಯ ಸಾರು ನಿಮಗಾಗಿಯೇ ಸಿದ್ಧವಾಗುತ್ತದೆ. ಎಲೆಯ ಮುಂದೆ ಕುಳಿತ ಮೇಲೆ ಮುಖ ಸಿಂಡರಿಸುವುದು ಮಾತ್ರ ಮಾಯದ ನೋವು ಕೊಡುತ್ತದೆ. ಇದೇ ಎಚ್ಚರ ತರಗತಿಯಲ್ಲೂ ಬೇಕು. ಭಾನುವಾರ ಏನು ತಿಂದೆ ಎಂಬ ಪ್ರಶ್ನೆಗೆ ಮಗು ಏಡಿ ಎಂದರೂ ಹಂದಿ ಎಂದರೂ ಮತ್ತೊಂದು ಮಗು ಚಿತ್ರಾನ್ನ ಎಂದಾಗ ತೋರಿದಷ್ಟೇ ಆಸಕ್ತಿಯನ್ನು ತೋರಿಸಿ. ಶಾಲೆಯಲ್ಲಿ ಮೊಟ್ಟೆ ಬೇಡುವ ಮಗುವಿಗೆ ಮೊಟ್ಟೆಯೇ ಸಿಗಬೇಕು. ಶಿಕ್ಷಕಿ ತಿನ್ನುವುದಿಲ್ಲ ಎಂಬ ಕಾರಣಕ್ಕೆ ಇಡೀ ಶಾಲೆ ಬಾಳೆಹಣ್ಣಿಗೆ ತೃಪ್ತಿಪಡುವಂತೆ ಆಗಬಾರದು.

ಕೊನೆಯದಾಗಿ ವರ್ಗಾವಣೆಯ ಮಾತು. ತಂದೆತಾಯಿ ಇರುವಲ್ಲಿಗೆ ಹೋಗಬೇಕೆಂಬ ಆಸೆ ಸಹಜ, ಅದಕ್ಕಾಗಿ ತಪ್ಪಿತಸ್ಥ ಭಾವನೆ ಬೇಡ. ನಿಯಮದಂತೆ ಸಮಯ ಬಂದಾಗ ಅರ್ಜಿ ಹಾಕಿ. ಆದರೆ ಪರೀಕ್ಷಾರ್ಥ ಸೇವೆಯ ಎರಡು ವರ್ಷಗಳನ್ನಂತೂ ನೀವು ಇಲ್ಲಿ ಕಳೆಯುವಿರಿ, ಮತ್ತು ಒಂದನೇ ತರಗತಿಗೆ ಈ ಜೂನ್‌ನಲ್ಲಿ ಸೇರಿದ ಮಗುವಿಗೆ ಓದು ಹತ್ತುವುದೋ ಬಿಡುವುದೋ ಅದೇ ಎರಡು ವರ್ಷಗಳಲ್ಲಿ ತೀರ್ಮಾನವಾಗುತ್ತದೆ. ಹೀಗಾಗಿ ದಿನ ದೂಡುವ ಪ್ರಶ್ನೆಯೇ ಇಲ್ಲ. ತಿಳಿಯದ್ದನ್ನು ಕೇಳಲು ನಿಮ್ಮ ಕ್ಲಸ್ಟರಿನ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಇದ್ದಾರೆ. ನಲಿ-ಕಲಿಯ ಒಂದು ಪೂರ್ಣ ದಿನವನ್ನು ಅನುಭವಿ ಶಿಕ್ಷಕರ ತರಗತಿಯಲ್ಲಿ ಕುಳಿತು ನೋಡಲು ಅವರ ಮೂಲಕ ಅನುಮತಿ ಕೇಳಿ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್ ಕೂಡಿಗೆಯಲ್ಲಿದೆ, ನಿಮ್ಮಲ್ಲಿಂದ ದೂರವೇ. ಆದರೂ ತರಬೇತಿಗೆ ಕರೆದಾಗ ಬುಡಕಟ್ಟು ಮಕ್ಕಳಿಗೆ ಕಲಿಸುವ ಬೇರೆ ಶಿಕ್ಷಕರ ಪರಿಚಯ ಮಾಡಿಕೊಂಡು ಬನ್ನಿ. ಆಶ್ರಮ ಶಾಲೆಗಳ (ಬುಡಕಟ್ಟು ಮಕ್ಕಳ ವಸತಿ ಶಾಲೆಗಳ) ಶಿಕ್ಷಕರಲ್ಲಿ ಕೆಲವರು ಮಕ್ಕಳ ಭಾಷೆಯನ್ನೇ ಕಲಿತವರಿದ್ದಾರೆ.

ಒಂದು ನೋಟ್‌ಬುಕ್ಕನ್ನು ಇಂದೇ ಆರಂಭಿಸಿ, ಮಗುವಿಗೆ ಎರಡು ಪುಟದಂತೆ. ಮನೆಮಾತು ಯಾವುದು, ಶಾಲೆಗೆ ಬರುವ ದಾರಿ ಯಾವುದು, ಏಣಿಯಲ್ಲಿ ಯಾವ ಮೈಲುಗಲ್ಲಿನಲ್ಲಿದೆ, ಯಾವುದಕ್ಕೆ ನಗುತ್ತದೆ, ಯಾವುದಕ್ಕೆ ಹೆದರುತ್ತದೆ, ಕೊಯ್ಲಿನ ಕಾಲದಲ್ಲಿ ಎಲ್ಲಿ ಹೋಗುತ್ತದೆ ಎಂಬುದನ್ನು ಕಂಡಂತೆ ಬರೆಯುತ್ತ ಹೋಗಿ. ನೀವು ಯಾವ ವರ್ಷ ಹೊರಟರೂ ಅದನ್ನು ಶಾಲೆಯ ದಾಖಲೆಗಳ ಜೊತೆ ಬಿಟ್ಟು ಹೋಗಿ. ನಿಮ್ಮ ನಂತರ ಬರುವವರು ಜೂನ್ ಮೊದಲ ವಾರದಲ್ಲಿ ಅದನ್ನು ಓದಿಕೊಂಡೇ ತರಗತಿಗೆ ಹೋಗಬಹುದು.